ಮೋಡದ ದಿನ ತೆಗೆದ ಗಂಗುಲಮ್ಮನ ಫೋಟೋ

ಹೊಸದಾಗಿ ಕ್ಯಾಮೆರಾ ಹಿಡಿದ ಹುಡುಗರು ನನ್ನನ್ನು ಹುಡುಕಿಕೊಂಡು ಬಂದು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ. "ಸಾರ್, ಮೋಡ ಮುಸುಕಿದ ದಿನ ಫೋಟೋ ಸಪ್ಪೆ ಬರುತ್ತೆ. ಬಣ್ಣ ಏಳೋದೇ ಇಲ್ಲ. ಏನ್ ಮಾಡ್ಬೇಕು?" ಮೋಡ ಸಪ್ಪೆಯಲ್ಲ ಕಣ್ರಯ್ಯಾ, ನೀವು ಸಪ್ಪೆ ಎಂದು ಬೈದು ಕಳಿಸುತ್ತಿದ್ದೆ. ಆಮೇಲೆ ನನಗೇ ಬೇಜಾರಾಗುತ್ತಿತ್ತು. ನನಗೆ ಕೆಲಸ ಹೇಳಿಕೊಟ್ಟವರು ಹೀಗೆ ಬೈದು ಕಳಿಸಿದ್ದರೆ ನಾನು ಈ ಹೊತ್ತು ಕೋಲಾರದ ಸಂತೆಯಲ್ಲಿ ಹುಣಸೆಹಣ್ಣು ತೂಗುತ್ತಾ ಕೂತಿರುತ್ತಿದ್ದೆ. ಅದಕ್ಕೇ ಗೊತ್ತಿರುವುದನ್ನು ಬರೆದಿಡೋಣ ಅಂತ ಕೂತಿದ್ದೇನೆ. ಯಾವ ದೊಡ್ಡವರ ಫೋಟೋ ತೆಗೆದೆ, ಯಾರು ಶಾಲು ಹೊದಿಸಿದರು ಎನ್ನುವುದು ಇದರಲ್ಲಿಲ್ಲ. ಅದು ಬೇಕಾದವರು ನನ್ನ ಭಾವಮೈದನನ್ನು ಕೇಳಿ. ಅವನು ನನಗಿಂತ ಚೆನ್ನಾಗಿ ರೈಲು ಬಿಡುತ್ತಾನೆ.

ನಾನು ಸೇರಿದ್ದು ಕೋಲಾರದ ಪೇಟೆಬೀದಿಯಲ್ಲಿದ್ದ ಶಾಮಣ್ಣನವರ ಸ್ಟುಡಿಯೋಗೆ. ಸ್ಟುಡಿಯೋ ಅಂದರೆ ಒಂದು ಮಾಳಿಗೆ ಮನೆ. ಮಾಳಿಗೆಯ ಉತ್ತರದ ಕಡೆಗೆ ಗಾಜಿನ ಹೆಂಚು ಹೊದಿಸಿ, ಕೆಳಗೆ ಬಿಳಿ ಬಟ್ಟೆಯ ಪರದೆ ಕಟ್ಟಿದ್ದರು. ಕರೆಂಟಿನ ದೀಪ ನಂಬಿಕೊಂಡು ಫೋಟೋ ತೆಗೆಯುವ ಕಾಲ ಅದಲ್ಲ. ಬೆಳಕೆಲ್ಲ ಮೇಲಿನಿಂದಲೇ ಬರಬೇಕು. ಗಾಜಿನ ಪ್ಲೇಟು ತುಂಬಿ, ಮಸೂರದ ಮುಚ್ಚಳ ತೆಗೆದು, ಬಾಯಲ್ಲಿ ಎಣಿಸಿ ಮತ್ತೆ ಮುಚ್ಚಬೇಕು. ಬಿಸಿಲಿದ್ದರೆ ಒಂದು, ಮೋಡವಿದ್ದರೆ ಮೂರೋ ನಾಲ್ಕೋ. ಅಷ್ಟು ಹೊತ್ತು ಎದುರಿಗಿದ್ದವರು ಕಲ್ಲಾಗಿ ಕೂತಿರಬೇಕು.

ನಮ್ಮ ಸೀಮೆಯ ಆಷಾಢ ನಿಮಗೆ ಗೊತ್ತಲ್ಲ. ಪಡುವಣದಿಂದ ಮೋಡ ಬರುತ್ತದೆ, ದಿನವಿಡೀ ತಲೆ ಮೇಲೆ ಓಡಾಡುತ್ತದೆ, ಒಂದು ಹನಿ ಉದುರಿಸದೆ ಆಂಧ್ರದ ಕಡೆಗೆ ಹೋಗಿಬಿಡುತ್ತದೆ. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಆ ದಿನಗಳಲ್ಲಿ ಗಿರಾಕಿಗಳು ಬಾಗಿಲವರೆಗೆ ಬಂದು, ತಲೆಯೆತ್ತಿ ನೋಡಿ, "ಸೂರ್ಯನೇ ಇಲ್ಲ, ಮುಖ ಎಲ್ಲಿ ಬೀಳುತ್ತೆ, ನಾಳೆ ಬರ್ತೀವಿ" ಎಂದು ಹೊರಟುಹೋಗುತ್ತಿದ್ದರು. ಶಾಮಣ್ಣನವರಿಗೆ ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು.

"ಬಿಸಿಲಲ್ಲಿ ನಿಲ್ಲಿಸಿದ್ರೆ ಹುಣಸೆಕಾಯಿ ಕಚ್ಚಿದೋರ ಥರ ಮುಖ ಹಿಂಡ್ಕೊಂಡು ನಿಂತ್ಕೋತಾರೆ ಕಣೋ," ಎನ್ನುತ್ತಿದ್ದರು. "ಮೋಡದ ದಿನ ನೋಡು, ಹುಬ್ಬು ಬಿಚ್ಕೊಳುತ್ತೆ. ಮನುಷ್ಯ ಮನುಷ್ಯನ ಹಾಗೆ ಕಾಣ್ತಾನೆ. ಇವರಿಗೆ ಹೇಳೋರ್ಯಾರು?"

ಆದರೆ ಮೋಡದ ಬೆಳಕಿಗೆ ಒಂದು ಕೊರತೆ ಇದೆ. ಅದು ಎಲ್ಲ ಕಡೆಯಿಂದಲೂ ಬರುತ್ತದೆ, ಹಾಗಾಗಿ ಎಲ್ಲೂ ನೆರಳು ಬೀಳುವುದಿಲ್ಲ. ನೆರಳಿಲ್ಲದ ಮುಖ ತಟ್ಟಿದ ರೊಟ್ಟಿಯ ಹಾಗೆ ಚಪ್ಪಟೆ. ಇದಕ್ಕೆ ಶಾಮಣ್ಣನವರು ಕಂಡುಕೊಂಡಿದ್ದ ಮದ್ದು ಒಂದು ಕರೀ ಕಂಬಳಿ. ಎಲ್ಲರೂ ಬೆಳಕು ಸಾಲದು ಅಂತ ಬಿಳಿ ಬಟ್ಟೆ ಹಿಡಿದರೆ ಇವರು ಕೂತವರ ಒಂದು ಪಕ್ಕಕ್ಕೆ, ಚೌಕಟ್ಟಿನ ಹೊರಗೆ, ಕಂಬಳಿ ತೂಗಿಹಾಕುತ್ತಿದ್ದರು. ಕಂಬಳಿ ಆ ಪಕ್ಕದ ಬೆಳಕನ್ನು ಕುಡಿದುಬಿಡುತ್ತಿತ್ತು. ಕೆನ್ನೆಯ ಆ ಭಾಗ ನಿಧಾನವಾಗಿ ಕಪ್ಪಿಗೆ ತಿರುಗಿ, ಮೂಗು ಎದ್ದು, ಮುಖಕ್ಕೆ ಉಬ್ಬು ತಗ್ಗು ಬರುತ್ತಿತ್ತು. ಈಗಲೂ ಇದಕ್ಕಿಂತ ದೊಡ್ಡ ವಿದ್ಯೆ ನನಗೆ ಗೊತ್ತಿಲ್ಲ. ನಿಮ್ಮ ಹತ್ತಿರ ಎಷ್ಟೇ ಬೆಲೆಯ ಕ್ಯಾಮೆರಾ ಇರಲಿ, ಮೋಡದ ದಿನ ಒಂದು ಕಂಬಳಿ ಹೊತ್ತುಕೊಂಡು ಹೋಗಿ. ಬೆಳಕನ್ನು ಸೇರಿಸಲು ಹೋಗಬೇಡಿ, ಒಂದು ಕಡೆಯಿಂದ ಕಳೆಯಿರಿ.

ಇನ್ನೊಂದು ಪಾಠ ನಾನು ಶ್ರೀನಿವಾಸಪುರದಲ್ಲಿ ಮಾನ ಕಳೆದುಕೊಂಡು ಕಲಿತದ್ದು. ಅಲ್ಲಿನ ಒಬ್ಬ ಹೆಡ್‌ಮಾಸ್ತರರು ನಿವೃತ್ತರಾಗುತ್ತಿದ್ದರು. ಗುಂಪು ಫೋಟೋಗೆ ಶಾಮಣ್ಣನವರು ಮೊದಲ ಸಲ ನನ್ನೊಬ್ಬನನ್ನೇ ಕಳಿಸಿದರು. ನನಗೆ ಕೊಂಬು ಬಂದಂತಾಯಿತು. ಹನ್ನೆರಡು ಜನ ಮಾಸ್ತರರನ್ನು ಶಾಲೆಯ ಮುಂದಿನ ದಿಣ್ಣೆಯ ಮೇಲೆ ಹತ್ತಿಸಿ, ನಾನು ಕೆಳಗೆ ನಿಂತು, ಎಲ್ಲರೂ ಎತ್ತರವಾಗಿ ಕಾಣಲಿ ಅಂತ ಕ್ಯಾಮೆರಾ ಮೇಲಕ್ಕೆ ಮಾಡಿ ತೆಗೆದೆ. ಹಿಂದೆ ಬರೀ ಆಕಾಶ. ಆಕಾಶವೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಮೋಡ. ಮಾಸ್ತರರ ಪೇಟಗಳೂ ಬಿಳಿ.

ಪ್ರಿಂಟು ತಗೊಂಡು ಹೋದಾಗ ಹೆಡ್‌ಮಾಸ್ತರರು ಕನ್ನಡಕ ಹಾಕಿಕೊಂಡರು, ತೆಗೆದರು, ಒರೆಸಿ ಮತ್ತೆ ಹಾಕಿಕೊಂಡರು.

"ಏನಯ್ಯಾ, ನಮ್ಮ ಪೇಟ ಎಲ್ಲಿ?"

"ಇದೆಯಲ್ಲ ಸಾರ್, ಇಲ್ಲಿ..."

"ಎಲ್ಲಿ? ಹುಬ್ಬಿನ ಮೇಲೆ ತಲೆಯೇ ಇಲ್ಲವಲ್ಲಯ್ಯಾ! ಮೂವತ್ತು ವರ್ಷ ತಲೆ ಉಪಯೋಗಿಸಿ ಪಾಠ ಹೇಳಿದ್ದೀನಿ, ಕೊನೇ ದಿನ ನೀನು ಬಂದು ಕತ್ತರಿಸಿಬಿಟ್ಯಲ್ಲ!"

ನಿಜ. ಪೇಟಗಳೆಲ್ಲ ಆಕಾಶದಲ್ಲಿ ಕರಗಿಹೋಗಿದ್ದವು. ಶಾಮಣ್ಣನವರು ಎರಡು ದಿನ ಕೂತು ಸೀಸದಕಡ್ಡಿಯಲ್ಲಿ ಹನ್ನೆರಡು ಪೇಟ ಬರೆದರು. ಬೈಯಲಿಲ್ಲ. "ಮೋಡದ ದಿನ ಆಕಾಶ ನಮ್ಮದಲ್ಲ. ಅದನ್ನ ಚೌಕಟ್ಟಿನಿಂದ ಆಚೆ ಇಡು" ಎಂದರು, ಅಷ್ಟೇ. ಆಮೇಲಿಂದ ಶ್ರೀನಿವಾಸಪುರಕ್ಕೆ ಹೋದಾಗೆಲ್ಲ ಜನರನ್ನು ಮಾವಿನತೋಪಿನ ಕಪ್ಪು ಹಸಿರಿನ ಮುಂದೆ ನಿಲ್ಲಿಸುತ್ತಿದ್ದೆ. ಕ್ಯಾಮೆರಾವನ್ನು ಅವರ ತಲೆಗಿಂತ ಒಂದು ಗೇಣು ಎತ್ತರಕ್ಕೆ ಇಟ್ಟು ಕೆಳಮುಖ ಮಾಡುತ್ತಿದ್ದೆ. ಬಿಳಿ ಬಟ್ಟೆಯವರ ಹಿಂದೆ ಕಪ್ಪು ಇರಬೇಕು, ಕಪ್ಪು ಸೀರೆಯವರ ಹಿಂದೆ ಸುಣ್ಣದ ಗೋಡೆ ಇರಬೇಕು. ಮೋಡದ ದಿನ ಚಿತ್ರದ ಕಟ್ಟಡವೆಲ್ಲ ಇದರ ಮೇಲೇ ನಿಂತಿರುತ್ತದೆ.

ಬಣ್ಣದ ವಿಷಯಕ್ಕೆ ಬರೋಣ. ನಮ್ಮ ಪ್ಲೇಟುಗಳಿಗೆ ಬಣ್ಣ ಗೊತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಅವಕ್ಕೆ ಬಣ್ಣ ತಪ್ಪು ತಪ್ಪಾಗಿ ಗೊತ್ತಿತ್ತು. ಕೆಂಪೆಲ್ಲ ಕಪ್ಪಾಗುತ್ತಿತ್ತು, ನೀಲಿಯೆಲ್ಲ ಬೆಳ್ಳಗಾಗುತ್ತಿತ್ತು. ಮಾಲೂರಿನಲ್ಲಿ ಒಬ್ಬರು ಹೊಸ ಕೆಂಪು ಹೆಂಚು ಹೊದಿಸಿ ಮನೆಯ ಫೋಟೋ ತೆಗೆಸಿದರು. ನೋಡಿದರೆ ಮನೆಗೆ ಬೆಂಕಿ ಬಿದ್ದು ಆರಿಸಿದ ಹಾಗಿತ್ತು. ಹೀಗಾಗಿ ಕಪ್ಪು ಬಿಳುಪಿನ ಪ್ರಿಂಟಿಗೆ ಕಂದು ಛಾಯೆ ಕೊಟ್ಟು, ಅದರ ಮೇಲೆ ಕೈಯಲ್ಲಿ ಬಣ್ಣ ಹಾಕುತ್ತಿದ್ದೆವು. ಕಡ್ಡಿಗೆ ಹತ್ತಿ ಸುತ್ತಿ, ಮದರಾಸಿನಿಂದ ತರಿಸಿದ ಪುಟ್ಟ ಪುಟ್ಟ ಸೀಸೆಗಳಲ್ಲಿ ಅದ್ದಿ, ಉಸಿರು ಬಿಗಿಹಿಡಿದು ತೀಡಬೇಕು.

ಗಿರಾಕಿ ಎದ್ದುಹೋದ ಒಂದು ವಾರಕ್ಕೆ ಬಣ್ಣ ಹಾಕುವುದು. ಅಲ್ಲಿಯವರೆಗೆ ನೆನಪಿರಬೇಕಲ್ಲ, ಅದಕ್ಕೆ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆವು. ಸೀರೆ ಹಸಿರು, ಅಂಚು ಕೆಂಪು, ರವಿಕೆ ಹಳದಿ, ಮೈ ಬಿಳುಪು. ಈ ಕೊನೆಯದನ್ನು ಮಾತ್ರ ಯಾರನ್ನೂ ನೋಡಿ ಬರೆಯುತ್ತಿರಲಿಲ್ಲ. ಎಲ್ಲರಿಗೂ ಮೈ ಬಿಳುಪೇ. ಸೀಸೆಯಲ್ಲಿ ಮೈಬಣ್ಣ ಅಂತ ಬರುತ್ತಿದ್ದದ್ದೇ ದೊರೆಗಳ ಮೈಯ ಗುಲಾಬಿ ಬಣ್ಣ. ನಮ್ಮ ಜನಕ್ಕೂ ಅದೇ ಬೇಕಾಗಿತ್ತು. ಗಂಡಿನ ಕಡೆಯವರಿಗೆ ತೋರಿಸುವ ಫೋಟೋ, ಗೋಡೆಗೆ ತೂಗುಹಾಕುವ ಫೋಟೋ, ಎಲ್ಲದರಲ್ಲೂ ಇಡೀ ಕೋಲಾರ ಸೀಮೆಯ ಹೆಣ್ಣುಮಕ್ಕಳು ಗುಲಾಬಿ ಕೆನ್ನೆಯವರು. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹೆಸರಿತ್ತು, ಆ ಹೆಸರು ನನ್ನ ತಲೆಗೂ ಏರಿತ್ತು.

ಗಂಗುಲಮ್ಮ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಇಂಥದೇ ಒಂದು ಮೋಡದ ದಿನ. ಮುಳಬಾಗಿಲಿನಿಂದ ಆಚೆಯ ಹಳ್ಳಿಯವಳು. ಹದಿನೆಂಟು ತುಂಬಿರಬೇಕು. ಜೊತೆಯಲ್ಲಿ ಅವಳ ಮಾವ ಚಿನ್ನಪ್ಪ. ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು ಆಗ. ಏರು ಬಂದರೆ ಜನ ಇಳಿದು ತಳ್ಳಬೇಕು. ಇಬ್ಬರ ಮುಖದಲ್ಲೂ ಮಸಿ ಇತ್ತು.

"ನಮ್ಮ ಹುಡುಗ ಮುನಿಶಾಮಿ ಮಿಲಿಟ್ರೀಲವ್ನೆ ಸ್ವಾಮಿ," ಎಂದ ಚಿನ್ನಪ್ಪ. "ಲಾರಿ ತೋಲ್ತಾನೆ. ಮದ್ವೆ ಆಗಿ ಮೂರು ತಿಂಗ್ಳಿಗೇ ಹೊಂಟೋದ. ಈಗ ವರ್ಷ ಆಯ್ತು. ಸೊಸೆ ಫೋಟೋ ಕಳ್ಸು ನಾಯನಾ ಅಂತ ಕಾಗ್ದ ಬರ್ದವ್ನೆ."

ಚಿನ್ನಪ್ಪನ ಮಾತಿನಲ್ಲಿ ಅರ್ಧ ತೆಲುಗು. ಲಾರಿ ತೋಲುವುದೆಂದರೆ ಓಡಿಸುವುದು, ನಾಯನಾ ಎಂದರೆ ಅಪ್ಪ. ನಮಗೆಲ್ಲ ಅದು ಅಭ್ಯಾಸವೇ.

ಗಂಗುಲಮ್ಮ ಕರೀ ಎಳ್ಳಿನ ಬಣ್ಣದ ಹುಡುಗಿ. ಗದ್ದದ ಮೇಲೆ ಮೂರು ಚುಕ್ಕೆ ಹಚ್ಚೆ. ಬದನೆಕಾಯಿ ಬಣ್ಣದ ನೂಲಿನ ಸೀರೆ. ಕೂರಿಸಿದೆ, ತೆಗೆದೆ, ಪುಸ್ತಕದಲ್ಲಿ ಬರೆದುಕೊಂಡೆ, ಕಳಿಸಿದೆ. ಒಳಗೆ ಪ್ಲೇಟು ತೊಳೆದಾಗ ಹಚ್ಚೆ ಕಾಣಲಿಲ್ಲ. ಹಚ್ಚೆ ನೀಲಿ ಹಸಿರು ತಾನೆ? ಪ್ಲೇಟು ಅದನ್ನು ನುಂಗಿಹಾಕಿತ್ತು. ಗದ್ದದ ಮೇಲೆ ಸ್ವಲ್ಪ ಕಲೆಯ ಹಾಗೆ ಉಳಿದಿತ್ತು. ಅದನ್ನೂ ಸೀಸದಕಡ್ಡಿಯಲ್ಲಿ ತೀಡಿ ನುಣುಪು ಮಾಡಿದೆ. ಸೈನ್ಯದಲ್ಲಿರುವ ಗಂಡನಿಗೆ ಹೋಗುವ ಫೋಟೋ, ಚೆನ್ನಾಗಿ ಮಾಡೋಣ ಅಂತ ನನಗೂ ಆಸೆ. ಗುಲಾಬಿ ಕೆನ್ನೆ ಹಾಕಿದೆ. ನೂಲಿನ ಸೀರೆಯನ್ನು ನವಿಲುಬಣ್ಣದ ರೇಷ್ಮೆ ಮಾಡಿದೆ. ಕಿವಿಗೆ ಇಲ್ಲದ ಜುಮುಕಿ ಬರೆದೆ. ದೇವರಾಣೆ, ನಾನು ಮಾಡಿದ ಕೆಲಸಗಳಲ್ಲೇ ಅಂಥ ನಾಜೂಕಿನ ಕೆಲಸ ಇನ್ನೊಂದಿರಲಿಲ್ಲ.

ತಗೊಂಡು ಹೋಗಲು ಬಂದ ಚಿನ್ನಪ್ಪ ಕಣ್ಣರಳಿಸಿದ. "ಮಹಾಲಕ್ಷ್ಮಿ ಸ್ವಾಮಿ, ಸಾಕ್ಷಾತ್ ಮಹಾಲಕ್ಷ್ಮಿ!"

ಗಂಗುಲಮ್ಮ ಬಗ್ಗಿ ನೋಡಿದಳು. "ಇದು ನಾನಾ?" ಎಂದಳು. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾನು ಅದನ್ನು ಹೊಗಳಿಕೆ ಅಂದುಕೊಂಡೆ. ಕತ್ತೆ ನಾನು. ವಿಳಾಸ ಬರೆದು ನಾನೇ ಅಂಚೆಗೆ ಹಾಕಿದೆ.

ಮೂರು ತಿಂಗಳು ಕಳೆದಿರಬೇಕು. ಆಗ ಆಷಾಢ. ಎಂಟು ದಿನದಿಂದ ಸೂರ್ಯನ ಮುಖ ಕಂಡಿರಲಿಲ್ಲ. ಚಿನ್ನಪ್ಪ ಸೊಸೆಯನ್ನು ಕರೆದುಕೊಂಡು ಮತ್ತೆ ಬಂದ. ಮಗನಿಂದ ಕಾಗದ ಬಂದಿದೆ, ಒಳಗೆ ಫೋಟೋ ವಾಪಸ್ಸು ಬಂದಿದೆ, ಓದುವವರು ಊರಿನಲ್ಲಿಲ್ಲ, ಯಾಕೆ ವಾಪಸ್ಸು ಕಳಿಸಿದ ನೋಡಿ ಸ್ವಾಮಿ, ಎಂದು ನನ್ನ ಕೈಗೆ ಕೊಟ್ಟ. ನಾನು ಗಟ್ಟಿಯಾಗಿ ಓದಲು ಶುರುಮಾಡಿದೆ. ಮೊದಲೇ ಮನಸ್ಸಿನಲ್ಲಿ ಓದಿಕೊಳ್ಳಬೇಕಾಗಿತ್ತು.

"ಅಪ್ಪನವರ ಪಾದಕ್ಕೆ ಮುನಿಶಾಮಿ ಮಾಡುವ ನಮಸ್ಕಾರ. ನಾನು ಕ್ಷೇಮ. ಫೋಟೋ ಸೇರಿತು. ಅದರಲ್ಲಿರುವ ಹೆಣ್ಣು ಯಾರು? ನನ್ನ ಹೆಂಡತಿ ಕಪ್ಪು. ಇವಳು ಬಿಳುಪು. ನನ್ನ ಹೆಂಡತಿಗೆ ಗದ್ದದಲ್ಲಿ ಹಚ್ಚೆ ಇದೆ. ಇವಳಿಗಿಲ್ಲ. ನಮ್ಮ ಕಡೆ ಕಾಲರಾ ಬಂದಿತ್ತು ಅಂತ ಇಲ್ಲಿ ಒಬ್ಬರಿಗೆ ಕಾಗದ ಬಂದಿದೆ. ಗಂಗುಲು ಹೋಗಿಬಿಟ್ಟಿದ್ದರೆ ನನ್ನ ಹತ್ತಿರ ಮುಚ್ಚಿಡಬೇಡಿ. ಬೇರೆ ಹೆಣ್ಣು ನೋಡಿ ಅವಳ ಫೋಟೋ ಕಳಿಸಿ ನನ್ನನ್ನು ಸಮಾಧಾನ ಮಾಡಬೇಡಿ. ನನಗೆ ಬೇರೆ ಹೆಣ್ಣು ಬೇಡ. ಇದ್ದರೆ ಇದ್ದಾಳೆ ಅನ್ನಿ, ಇಲ್ಲದಿದ್ದರೆ ಇಲ್ಲ ಅನ್ನಿ. ಅನ್ನ ಸೇರುತ್ತಿಲ್ಲ."

ಓದಿ ಮುಗಿಸಿ ತಲೆಯೆತ್ತಲು ನನಗೆ ಧೈರ್ಯ ಬರಲಿಲ್ಲ. ಚಿನ್ನಪ್ಪ "ಅಯ್ಯೋ ದೇವುಡಾ" ಎಂದು ಗೋಡೆ ಹಿಡಿದುಕೊಂಡ. ಗಂಗುಲಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ನಾನು ಸತ್ತೋಗಿದ್ದೀನಿ ಅಂದ್ಕೊಂಡವ್ರಾ?" ಎಂದಳು. "ಅಂಗಾದ್ರೆ ಅಲ್ಲಿ ಅಳ್ತಾ ಅವ್ರಾ?"

"ಬದುಕಿದ್ದಾಳೆ ಅಂತ ಈಗಲೇ ಬರೆದು ಹಾಕ್ತೀನಿ ತಾಯಿ," ಎಂದೆ.

"ಬರ್ದ್ರೆ ನಂಬ್ತಾರಾ ಸ್ವಾಮಿ? ನನಗೆ ಅಕ್ಷರ ಬರಲ್ಲ. ಬೇರೆಯೋರ ಕೈ ಬರವಣಿಗೆ. ಫೋಟೋನೇ ನಂಬಲಿಲ್ಲ ಅವ್ರು."

ಶಾಮಣ್ಣನವರು ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಆಗಲೇ ಅವರಿಗೆ ವಯಸ್ಸಾಗಿ ಕಣ್ಣು ಮಂಜಾಗಿತ್ತು. ಹೊರಗೆ ಬಂದು, ವಾಪಸ್ಸಾದ ಫೋಟೋ ಇಸಿದುಕೊಂಡು, ಮೂಗಿನ ಹತ್ತಿರ ಹಿಡಿದು ನೋಡಿದರು. "ಫೋಟೋ ಚೆನ್ನಾಗಿ ಮಾಡಿದ್ದೀಯ ಕಣೋ," ಎಂದರು. "ಹುಡುಗೀನ ಮಾತ್ರ ಕಳೆದುಬಿಟ್ಟಿದ್ದೀಯ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎರಡು ದಿನ ಬಿಟ್ಟು ಬರಲಿ, ಬಿಸಿಲು ಬಂದಮೇಲೆ ಹೊಸದಾಗಿ ತೆಗೆಯುತ್ತೇನೆ ಎಂದು ತೊದಲಿದೆ. ಯಜಮಾನರು ಒಪ್ಪಲಿಲ್ಲ. ಅಲ್ಲೊಬ್ಬ ಅನ್ನ ಬಿಟ್ಟು ಕೂತಿದ್ದಾನೆ, ನೀನು ಸೂರ್ಯನಿಗೆ ಕಾಯ್ತೀಯಾ ಎಂದು ಗದರಿದರು. ಯುದ್ಧದಿಂದಾಗಿ ಪ್ಲೇಟು ಸಿಗುತ್ತಲೇ ಇರಲಿಲ್ಲ. ಸ್ಟುಡಿಯೋದಲ್ಲಿ ಉಳಿದಿದ್ದದ್ದು ಎರಡೇ, ಅವನ್ನೂ ಅಮಲ್ದಾರರ ಮನೆಯ ಮುಂಜಿಗೆ ಅಂತ ಎತ್ತಿಟ್ಟಿದ್ದೆವು. "ಅಮಲ್ದಾರರಿಗೆ ನಾನು ಹೇಳ್ಕೋತೀನಿ. ತೆಗಿ ಅವನ್ನ," ಎಂದರು ಶಾಮಣ್ಣನವರು.

ಆ ದಿನ ಮಾಡಿದ ಕೆಲಸವನ್ನು ನಿಮಗೆ ಬಿಡಿಸಿ ಹೇಳುತ್ತೇನೆ. ಅದರ ಮುಂದೆ ಬೇರೆ ಪಾಠವಿಲ್ಲ. ಗಿರಾಕಿಗಳ ಹಿಂದೆ ತೂಗಿಬಿಡುತ್ತಿದ್ದ, ಬಣ್ಣದ ತೋಟ ಬರೆದ ಪರದೆಯನ್ನು ಸುತ್ತಿಟ್ಟೆ. ಅವಳನ್ನು ಬಾಗಿಲ ಹತ್ತಿರ, ಸುಣ್ಣದ ಗೋಡೆಗೆ ಎರಡು ಮೊಳ ಮುಂದೆ, ಮರದ ಮಣೆಯ ಮೇಲೆ ಕೂರಿಸಿದೆ. ಕಪ್ಪು ಮುಖಕ್ಕೆ ಎಲ್ಲ ಕಡೆಯಿಂದಲೂ ಬೆಳಕು ತುಂಬಿ ಬೆಳ್ಳಗೆ ಮಾಡುವುದು ನಮ್ಮ ರೂಢಿ. ಅದನ್ನು ಬಿಟ್ಟೆ. ಎಡಗಡೆಗೆ ಕಂಬಳಿ ಕಟ್ಟಿದೆ. ಮೋಡದ ಬೆಳಕು ಬಾಗಿಲಿನಿಂದ ಮೆಲ್ಲಗೆ ಬಂದು ಅವಳ ಬಲಗೆನ್ನೆಯ ಮೇಲೆ ನಿಂತಿತು. ಎಣ್ಣೆ ಹಚ್ಚಿದ ಕಪ್ಪು ಮೈ ಎಷ್ಟು ಚಂದ ಹೊಳೆಯುತ್ತದೆ ಎಂದು ಅಷ್ಟು ವರ್ಷ ಕೆಲಸ ಮಾಡಿದ ನನಗೆ ಅವತ್ತು ಗೊತ್ತಾಯಿತು. ಹಚ್ಚೆಯನ್ನು ಪ್ಲೇಟು ಮತ್ತೆ ನುಂಗದಿರಲಿ ಅಂತ ಕಾಡಿಗೆ ತರಿಸಿ, ಮೂರು ಚುಕ್ಕೆಯ ಮೇಲೂ ಅವಳ ಕೈಯಿಂದಲೇ ಒತ್ತಿಸಿದೆ.

"ನಗಬೇಕಾ ಸ್ವಾಮಿ, ಬೇಡವಾ?" ಎಂದು ಕೇಳಿದಳು.

"ಅವನ ಎದುರಿಗೆ ಹೇಗಿರ್ತಿದ್ಯೋ ಹಾಗೇ ಇರಮ್ಮ."

"ನಮ್ಮೋರ ಎದುರಿಗೆ ತಲೆ ಎತ್ತೋಕ್ಕೇ ನನಗೆ ಎರಡು ತಿಂಗ್ಳು ಆಯ್ತು. ಆಮೇಲೆ ಒಂದು ತಿಂಗ್ಳು ನೋಡಿದ್ನೇನೋ. ಅಷ್ಟ್ರಲ್ಲಿ ಹೊಂಟ್ರು."

ಅಂದು ತಲೆ ಸ್ವಲ್ಪ ತಗ್ಗಿಸಿ, ಕಣ್ಣು ಮಾತ್ರ ಮೇಲಕ್ಕೆ ಮಾಡಿದಳು. ನಾನು ಮುಚ್ಚಳ ತೆಗೆದು ನಾಲ್ಕು ಎಣಿಸಿದೆ. ಎರಡನೇ ಪ್ಲೇಟು ಬೇಕಾಗಲಿಲ್ಲ.

ಮೋಡದ ದಿನದ ಪ್ಲೇಟನ್ನು ತೊಳೆಯುವಾಗ ಔಷಧದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಬಿಡಬೇಕು. ಆಗ ಕಪ್ಪು ಬಿಳುಪು ಬೇರೆ ಬೇರೆಯಾಗಿ ಬಿಚ್ಚಿಕೊಳ್ಳುತ್ತವೆ. ಹಾಗೆ ಮಾಡಿ, ಒಣಗಿಸಿ, ಪ್ರಿಂಟು ಹಾಕುವ ಹೊತ್ತಿಗೆ ಮಾರನೆಯ ಬೆಳಿಗ್ಗೆಯಾಯಿತು. ಮಾವ ಸೊಸೆ ಇಬ್ಬರೂ ಯಜಮಾನರ ಮನೆಯಲ್ಲೇ ಉಳಿದಿದ್ದರು. ಬಣ್ಣ ಹಾಕುವಾಗ ಪುಸ್ತಕ ತೆರೆಯಲಿಲ್ಲ. ಅವಳನ್ನೇ ಎದುರಿಗೆ ಕೂರಿಸಿಕೊಂಡೆ. ಗುಲಾಬಿಯ ಸೀಸೆ ಆಚೆಗಿಟ್ಟೆ. ನಮ್ಮ ಮೈಬಣ್ಣದ ಸೀಸೆ ಅಂತ ಯಾವುದೂ ಇರಲಿಲ್ಲವಲ್ಲ. ಕಂದು, ಹಳದಿ, ಒಂದು ತೊಟ್ಟು ನೀಲಿ, ಎಲ್ಲ ಬೆರೆಸಿ ನನ್ನ ಅಂಗೈ ಮೇಲೆ ತೀಡಿಕೊಂಡು, ಅವಳ ಮುಖ ನೋಡಿ, ಮತ್ತೆ ಬೆರೆಸಿದೆ. ಎಳ್ಳಿನ ಬಣ್ಣ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಬದನೆಕಾಯಿ ಸೀರೆಗೆ ಬದನೆಕಾಯಿ ಬಣ್ಣವನ್ನೇ ಹಾಕಿದೆ. ಹೆಗಲ ಹತ್ತಿರ ಒಂದು ತೇಪೆ ಇತ್ತು, ಅದನ್ನೂ ಬಿಟ್ಟೆ. ಕೊನೆಗೆ ಒಂದೇ ಎಳೆಯ ಕುಂಚದಲ್ಲಿ ಗದ್ದದ ಮೇಲೆ ಮೂರು ಹಸಿರು ಚುಕ್ಕೆ.

ಈ ಸಲ ಅವಳು ನಗಲಿಲ್ಲ. ಫೋಟೋ ಹಿಡಿದುಕೊಂಡು ತುಂಬ ಹೊತ್ತು ನೋಡಿ, "ಇದು ಅವ್ರಿಗೆ ಸೇರಿದ್ರೆ ಸಾಕು," ಎಂದಳು.

ಅವಳು ಬದುಕಿದ್ದಾಳೆ ಅಂತ ನಾನೇ ಉತ್ತರ ಬರೆದು, ಫೋಟೋ ಜೊತೆಗಿಟ್ಟು ಅಂಚೆಗೆ ಹಾಕಿದೆ. ಆಮೇಲೆ ಕಾದೆವು. ಅವಳು ಊರಿನಲ್ಲಿ ಕಾಯುತ್ತಿದ್ದಳು, ನಾನು ಇಲ್ಲಿ. ಗಿರಾಕಿಯ ಮುಖಕ್ಕೆ ಬಣ್ಣ ತೀಡುತ್ತಿದ್ದರೂ ಕಿವಿಯೆಲ್ಲ ಬೀದಿಯಲ್ಲಿ. ಶಾಮಣ್ಣನವರು ದಿನಾ ಬೆಳಿಗ್ಗೆ ಕೇಳುತ್ತಿದ್ದರು, "ಮುಳಬಾಗಿಲು ಕಡೆಯಿಂದ ಯಾರಾದ್ರೂ ಬಂದ್ರೇನೋ?" ಅಂತ. ಉತ್ತರ ಬರುವ ಮುಂಚೆಯೇ ಅವರು ತೀರಿಕೊಂಡರು. ಅವರಿಗೆ ಅದನ್ನು ಓದಿ ಹೇಳಲಾಗಲಿಲ್ಲ ಎನ್ನುವ ಸಂಕಟ ಈ ವಯಸ್ಸಿನಲ್ಲೂ ನನಗೆ ಹೋಗಿಲ್ಲ. ಮೋಡ ಕವಿದ ಬೆಳಿಗ್ಗೆ ಎದ್ದರೆ ಸಾಕು, ಅವರ ಸ್ಟುಡಿಯೋದಲ್ಲಿ ಪ್ಲೇಟು ತೊಳೆಯುವ ಹೈಪೋ ಔಷಧದ ವಾಸನೆ, ಗಾಜಿನ ಹೆಂಚು, "ಕಣೋ" ಎನ್ನುವ ಆ ದನಿ, ಎಲ್ಲ ಬೇಕು ಬೇಕು ಅನ್ನಿಸಿ ಮನಸ್ಸು ಹಿಂಡುತ್ತದೆ. ಮನೆಯವರು ಮೊಣಕಾಲು ನೋವು ಅಂದುಕೊಳ್ಳುತ್ತಾರೆ.

ದಸರಾ ಕಳೆದ ಮೇಲೆ ಚಿನ್ನಪ್ಪ ಕಾಗದ ತಂದ. ಈ ಸಲ ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಫೋಟೋ ಬಗ್ಗೆ ಎರಡೇ ಮಾತು. "ಫೋಟೋ ಸೇರಿತು. ಇವಳೇ." ಅದನ್ನು ನಾಲ್ಕು ಸಲ ಓದಿಸಿಕೊಂಡು ಚಿನ್ನಪ್ಪ ಬಸ್ಸು ಹತ್ತಿದ.

ಯುದ್ಧ ಮುಗಿದು, ಎಷ್ಟೋ ತಿಂಗಳ ಮೇಲೆ, ಒಂದು ಬೆಳಿಗ್ಗೆ ಮುನಿಶಾಮಿ ಗಂಗುಲಮ್ಮನ ಜೊತೆ ನಮ್ಮ ಬಾಗಿಲಿಗೆ ಬಂದ. ನಾನು ಅವನನ್ನು ನೋಡಿದ್ದು ಅದೇ ಮೊದಲು. ಕೃಶನಾಗಿದ್ದ, ಮುಂದಲೆ ಬೋಳಾಗಿತ್ತು, ಒಂದು ಹುಬ್ಬಿನ ಮೇಲೆ ಗಾಯದ ಕಲೆ. ಜೇಬಿನಿಂದ ಮೇಣಬಟ್ಟೆಯ ಪೊಟ್ಟಣ ತೆಗೆದು ಬಿಚ್ಚಿದ. ಒಳಗೆ ನನ್ನ ಫೋಟೋ. ಮೂಲೆ ಮುರಿದು, ಬಣ್ಣವೆಲ್ಲ ಸವೆದು, ಹಚ್ಚೆಯ ಚುಕ್ಕೆಗಳ ಹಸಿರು ಪೂರ್ತಿ ಅಳಿಸಿಹೋಗಿತ್ತು.

"ಇದಕ್ಕೆ ಮತ್ತೆ ಬಣ್ಣ ಹಾಕ್ಕೊಡಿ ಸ್ವಾಮಿ. ಮೊದಲು ಹೆಂಗಿತ್ತೋ ಅಂಗೆ."

"ಅವಳೇ ಪಕ್ಕದಲ್ಲಿ ನಿಂತಿದ್ದಾಳಲ್ಲಯ್ಯಾ, ಇದು ಇನ್ಯಾಕೆ?" ಎಂದು ನಾನು ಛೇಡಿಸಿದೆ.

"ಇದರ ಜೊತೆ ಮೂರು ವರ್ಷ ಸಂಸಾರ ಮಾಡಿದ್ದೀನಿ ಸ್ವಾಮಿ. ಇವಳ ಜೊತೆ ಮೂರೇ ತಿಂಗಳು," ಎಂದ.

ಇಬ್ಬರೂ ನಕ್ಕೆವು. ಗಂಗುಲಮ್ಮ ನಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು.

"ಇವರು ಬಂದ ದಿನ ನಾನು ಅಂಗಳದಾಗಿದ್ದೆ ಸ್ವಾಮಿ," ಎಂದಳು. "ಯಾರೋ ಬಂದು ನಿಂತ್ರು. ಸೆರಗು ಹೊದ್ಕೊಂಡು, ಯಾರು ಬೇಕಾಗಿತ್ತು ಅಂತ ಕೇಳ್ದೆ."

ಮುನಿಶಾಮಿ ನೆಲ ನೋಡಿದ. ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ ಅಂತ ಕಾಣುತ್ತದೆ.

"ಇವರ ಹತ್ರ ನಾನಿದ್ದೆ. ದಿನಾ ತೆಗ್ದು ನೋಡ್ಕೊಂಡವ್ರೆ. ನನ್ನ ಹತ್ರ ಏನಿತ್ತು ಸ್ವಾಮಿ? ಮೊದಲ್ನೇ ವರ್ಷ ಕಣ್ಣು ಮುಚ್ಚಿದ್ರೆ ಮುಖ ಬರ್ತಿತ್ತು. ಆಮೇಲೆ ದನಿ ಮಾತ್ರ ಬರ್ತಿತ್ತು. ಆಮೇಲೆ ಅದೂ ಬರಲಿಲ್ಲ. ಯಾರ ಹತ್ರ ಹೇಳ್ಲಿ? ಗಂಡನ ಮುಖ ಮರ್ತುಹೋಯ್ತು ಅಂತ ಹೇಳೋಕ್ಕಾಗ್ತದಾ?"

ಅವನು ಅವಳನ್ನು ಗುರುತು ಹಿಡಿಯಲಿ ಅಂತ ನಾವು ಎಷ್ಟೆಲ್ಲ ಒದ್ದಾಡಿದ್ದೆವು. ಚಿನ್ನಪ್ಪ, ಶಾಮಣ್ಣನವರು, ನಾನು, ಮೂರು ಜನ ಗಂಡಸರು. ಅವನ ಫೋಟೋ ಒಂದು ಇವಳಿಗೆ ಬೇಡವೇ ಎಂದು ಒಬ್ಬನೂ ಕೇಳಲಿಲ್ಲ. ಉತ್ತರ ಬರೆಯುವಾಗ ನಿನ್ನದೂ ಒಂದು ತೆಗೆಸಿ ಕಳಿಸಪ್ಪ ಎಂದು ಒಂದು ಗೆರೆ ಸೇರಿಸಿದ್ದರೆ ಆಗುತ್ತಿತ್ತು. ಬರೆದ ಕೈ ನನ್ನದೇ.

"ಒಂದು ಮಾಡ್ಕೊಡ್ತೀರಾ ಸ್ವಾಮಿ?" ಎಂದಳು ಗಂಗುಲಮ್ಮ. "ಇವರು ಹೋಗೋವಾಗ ಹೆಂಗಿದ್ರೋ ಅಂಗೆ ಒಂದು ಫೋಟೋ. ನೀವು ಬಣ್ಣ ಹಾಕಿ ಏನು ಬೇಕಾದ್ರೂ ಮಾಡ್ತೀರಲ್ಲ. ಈಗಿಂದು ತೆಗ್ದು, ಆಗಿನ ಥರ ಮಾಡಿ."

"ಮಾಡ್ತೀನಮ್ಮ," ಎಂದೆ. ಆ ಕ್ಷಣದಲ್ಲಿ ಅವಳು ಏನು ಕೇಳಿದ್ದರೂ ಮಾಡುತ್ತೇನೆ ಅನ್ನುತ್ತಿದ್ದೆ. "ಆಗ ಹೇಗಿದ್ದ, ಹೇಳು. ಕೂದಲು ಹೇಗಿತ್ತು? ಕೆನ್ನೆ ತುಂಬಿತ್ತಾ? ಮೀಸೆ ಇತ್ತಾ?"

ಅವಳು ಗಂಡನ ಮುಖ ನೋಡಿದಳು. ಹಣೆ ನೋಡಿದಳು, ಕಣ್ಣು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಮತ್ತೆ ನೋಡಿದಳು.

"ಗೊತ್ತಿಲ್ಲ ಸ್ವಾಮಿ," ಎಂದಳು.

ಮುನಿಶಾಮಿ ಹೋಗಿ ಮಣೆಯ ಮೇಲೆ ಕೂತ. ಕೈಯಲ್ಲಿದ್ದ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡ. "ಈಗ ಇರೋದನ್ನೇ ತೆಗೀರಿ ಸ್ವಾಮಿ," ಎಂದ. "ಇದನ್ನಾದ್ರೂ ಇಟ್ಕೊಳ್ಳಲಿ."

ನಾನು ಪ್ಲೇಟು ತರಲು ಒಳಗೆ ಹೋದೆ. ಕತ್ತಲೆ ಕೋಣೆಯಲ್ಲಿ ನಿಂತು ಅತ್ತೆ, ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆಮೇಲೆ ಕಣ್ಣು ಒರೆಸಿಕೊಂಡು ಬಂದು, ಗಾಯದ ಕಲೆ ಚೆನ್ನಾಗಿ ಕಾಣುವ ಹಾಗೆ ಅವನ ಮುಖ ತಿರುಗಿಸಿ, ಫೋಟೋ ತೆಗೆದೆ.